ಗದ್ದೆಗೆ ಇಳಿದ ಕಂಪನಿ

ನಾವೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ನಿಜವಾದ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಅವರು ಬದುಕಿದ್ದು, ನಾನು ಹೀಗೆ ಬರೆಯಲು ಕೂತಿದ್ದೇನೆ ಎಂದು ಗೊತ್ತಾಗಿದ್ದರೆ, "ನನ್ನೆಸ್ರು ನಿಂಗ್ಯಾಕಮ್ಮಿ? ನಿನ್ನೆಸ್ರು ಬರ್ಕೊ, ಉದ್ದಾರಾಯ್ತೀಯಾ" ಎಂದು ಮುಖದ ಮೇಲೇ ಹೇಳುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ನನ್ನನ್ನು ಹೆತ್ತ ತಾಯಿ ಕೂಡ ಅವರಷ್ಟು ಚೆನ್ನಾಗಿ ಬೈದಿಲ್ಲ. ಯಾರಾದರೂ ಬಂದು "ನಿಮ್ಮ ಕಂಪನಿಯಲ್ಲಿ ಏನೋ ಒಂದು ಒಳ್ಳೆಯ ವಾತಾವರಣ ಇದೆ ಮೇಡಂ" ಎಂದರೆ ನನಗೆ ಹೆಮ್ಮೆಗಿಂತ ಮೊದಲು ನಾಚಿಕೆಯಾಗುತ್ತದೆ. ಅದರಲ್ಲಿ ನನ್ನ ಪಾಲು ಎಷ್ಟು ಎಂಬುದು ನನಗೆ ಗೊತ್ತು.

ಕಂಪನಿ ಎಂದ ಕೂಡಲೇ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ರಾಗಿ ಹುರಿಯುವುದಕ್ಕೊಂದು, ಬೀಸುವುದಕ್ಕೊಂದು, ಪ್ಯಾಕೆಟ್ಟಿನ ಬಾಯಿ ಅಂಟಿಸುವುದಕ್ಕೊಂದು ಯಂತ್ರ. ಆರು ಜನ ಹೆಂಗಸರು, ಮತ್ತು ನಾನು. ಮೊಳಕೆ ಕಟ್ಟಿದ ರಾಗಿಯ ಹುರಿಹಿಟ್ಟು ಮಾಡಿ ಮಾರುವುದು ನಮ್ಮ ವ್ಯಾಪಾರ. ನಾನು ಮಳವಳ್ಳಿಯ ಪೇಟೆಬೀದಿಯ ಬಟ್ಟೆ ಅಂಗಡಿಯವರ ಮಗಳು, ಮದ್ದೂರಿಗೆ ಸೊಸೆ. ಮೈಸೂರಿನ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷ ಬಿಳಿ ಟೋಪಿ ಹಾಕಿಕೊಂಡು ಗುಣಮಟ್ಟ ನೋಡಿ ನೋಡಿ ಸಾಕಾಗಿ, ನನ್ನದೇ ಒಂದು ಇರಲಿ ಎಂದು ಹೊರಟವಳು. ಮಂಡ್ಯ ಜಿಲ್ಲೆಯಲ್ಲೇ ಹುಟ್ಟಿ ಬೆಳೆದರೂ ಗದ್ದೆಯ ಕೆಸರಿಗೆ ಕಾಲಿಟ್ಟವಳಲ್ಲ. ಬಸ್ಸಿನ ಕಿಟಕಿಯಿಂದ ನೋಡಿ 'ಆಹಾ ಎಷ್ಟು ಹಸಿರು' ಎನ್ನುವ ಜಾತಿ.

ಶೆಡ್ಡು ಹಾಕುವ ಮೊದಲು ಹೊಸ ಉದ್ಯಮಿಗಳಿಗೆಂದು ನಡೆದ ಎರಡು ದಿನದ ತರಬೇತಿಗೆ ಹೋಗಿದ್ದೆ. ಅಲ್ಲಿ ಟೈ ಕಟ್ಟಿಕೊಂಡ ಒಬ್ಬ ತರುಣ, "ಮೊದಲ ದಿನದಿಂದಲೇ ಕಂಪನಿಗೆ ಒಂದು ಸಂಸ್ಕೃತಿ ಕಟ್ಟಿ, ಆಮೇಲೆ ಕಟ್ಟುತ್ತೇನೆ ಎಂದರೆ ಆಗುವುದಿಲ್ಲ" ಎಂದಿದ್ದ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಎರಡು ಗೆರೆ ಎಳೆದಿದ್ದೆ. ಹಾಗಾಗಿ ನಮ್ಮ ಶೆಡ್ಡಿನ ಗೋಡೆಗೆ ಮೊದಲು ಬಿದ್ದ ಮೊಳೆ ಒಂದು ಬೋರ್ಡಿನದು. ನೀಲಿ ಹಲಗೆ, ಚಿನ್ನದ ಬಣ್ಣದ ಅಕ್ಷರ. ಮೇಲೆ 'ನಮ್ಮ ಮೌಲ್ಯಗಳು', ಕೆಳಗೆ ಐದು ಸಾಲು.

ದೊಡ್ಡಮ್ಮ ಕೆಲಸಕ್ಕೆ ಸೇರಿ ಆಗ ಮೂರು ದಿನ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೋರ್ಡಿನ ಮುಂದೆ ನಿಂತರು.

"ಓದ್ ಯೋಳಮ್ಮಿ, ಏನ್ ಬರ್ಸಿದ್ದೀಯಾ?"

"ಒಂದನೇದು ಸಮಯಪಾಲನೆ. ಹೊತ್ತಿಗೆ ಸರಿಯಾಗಿ ಬರೋದು."

"ಅದ್ನ ಬಸ್ನೋನ್ಗೆ ಯೋಳು. ಮುಂದ್ಕೆ?"

"ಎರಡನೇದು ಪ್ರಾಮಾಣಿಕತೆ. ಸುಳ್ಳು ಹೇಳಬಾರದು, ಕದೀಬಾರದು."

"ನಾವು ಬಂದು ಮೂರ್ ದಿನ ಆಗದೆ. ಆಗ್ಲೇ ಕಳ್ರು ಅಂತ ಬರ್ಸ್‌ಬುಟ್ಯಾ?"

"ಅಯ್ಯೋ, ಹಾಗಲ್ಲ ದೊಡ್ಡಮ್ಮ. ಮೂರನೇದು ತಂಡಸ್ಫೂರ್ತಿ. ಅಂದರೆ ಒಬ್ಬರ ಕಷ್ಟಕ್ಕೆ ಒಬ್ಬರು ಆಗೋದು."

"ಅದ್ನ ಬರ್ದು ಮೊಳೆ ಒಡೀಬೇಕಾ?" ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಗೋಡೆಗೆ ಚಿನ್ನದಕ್ಸರ ಆಕ್ಸಿದ್ದೀಯಾ, ಕಕ್ಕಸಿನ ಬಾಗ್ಲಿಗೆ ಚಿಲ್ಕ ಇಲ್ಲ. ಒಬ್ಳು ಒಳಿಕ್ಕೋದ್ರೆ ಇನ್ನೊಬ್ಳು ಬಾಗ್ಲು ಇಡ್ಕೊಂಡು ನಿಂತ್ಕಬೇಕು. ಮೊದ್ಲು ಅದ ಮಾಡ್ಸು, ಆಮೇಲ್ ನಿನ್ನ ನಾಕ್ನೇದು ಐದ್ನೇದು ಓದು."

ನಾಲ್ಕು ಮತ್ತು ಐದನ್ನು ನಾನು ಓದಲೇ ಇಲ್ಲ. ಸ್ಕೂಟರ್ ಹತ್ತಿ ಮದ್ದೂರಿಗೆ ಹೋಗಿ ಚಿಲಕ ತಂದೆ.

ಅವರು ಕೆರಗೋಡಿನ ಕಡೆಯ ಒಂದು ಹಳ್ಳಿಯವರು. ಅರವತ್ತರ ಆಚೀಚೆ. ಕುಳ್ಳಗೆ, ಗಟ್ಟಿಮುಟ್ಟು, ನಡೆದರೆ ನೆಲ ಅಲುಗಬೇಕು. ಊರಿನಿಂದ ಮಂಡ್ಯಕ್ಕೊಂದು ಬಸ್ಸು, ಅಲ್ಲಿಂದ ಗೆಜ್ಜಲಗೆರೆಗೆ ಇನ್ನೊಂದು. ಮನೆಯಲ್ಲಿ ಮಗ, ಸೊಸೆ, ನಾಲೆ ನೀರಿನ ಅರ್ಧ ಎಕರೆ ಗದ್ದೆ, ಎರಡು ಹಸು. ಇಷ್ಟಿದ್ದೂ ಈ ವಯಸ್ಸಿನಲ್ಲಿ ಕೆಲಸಕ್ಕೆ ಯಾಕೆ ಬಂದಿರಿ ಎಂದು ಒಮ್ಮೆ ಕೇಳಿದ್ದೆ. "ಎಂಗಸ್ರಿಗೆ ಬಸ್ಸು ಪುಕ್ಸಟ್ಟೆ ಮಾಡವ್ರೆ. ಸುಮ್ಕೆ ಯಾಕ್ ಬುಡಾನೆ ಅಂತ ಬಂದೆ" ಎಂದಿದ್ದರು. ನಿಜವಾದ ಕಾರಣ ಆಮೇಲೆ ತಿಳಿಯಿತು. ಸೊಸೆಯನ್ನು ಕಂಡರೆ ಪ್ರಾಣ. ಆದರೆ ದಿನವೆಲ್ಲ ಒಂದೇ ಮನೆಯಲ್ಲಿದ್ದರೆ ತಾನು ಬೈಯದೆ ಇರಲಾರೆ ಎಂಬ ಅರಿವು ಅವರಿಗಿತ್ತು. ಬೈಯುವುದಕ್ಕೆ ಬೇರೆ ಜನ ಬೇಕಾಗಿತ್ತು, ನಾನು ಸಿಕ್ಕಿದೆ.

ರಾಗಿ ಹುರಿಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ತೇವ ಅಳೆಯುವ ನನ್ನ ಮೀಟರು ಒಂದು ಕಡೆ, ಅವರ ಹಲ್ಲು ಒಂದು ಕಡೆ. ನಾಲ್ಕು ಕಾಳು ಬಾಯಿಗೆ ಹಾಕಿ ಕಟಕಟ ಎನ್ನಿಸಿ, "ಇನ್ನೊಸಿ ಬಿಸ್ಲು ಬೇಕು" ಎನ್ನುವರು. ನಾನು ಮೀಟರಿನಲ್ಲಿ ನೋಡಿದರೆ ಅದೇ ಉತ್ತರ. ಒಂದು ಸಲ ಎರಡೂ ಬೇರೆ ಬೇರೆ ಹೇಳಿದವು. ಮೀಟರಿನ ಸೆಲ್ಲು ಮುಗಿದಿತ್ತು.

ಟೈ ಕಟ್ಟಿದ ತರುಣ ತರಬೇತಿಯ ಲೆಕ್ಕದಲ್ಲಿ ಒಂದು ದಿನ ನಮ್ಮ ಶೆಡ್ಡಿಗೂ ಬಂದ. ನೌಕರರಲ್ಲಿ ಪರಸ್ಪರ ನಂಬಿಕೆ ಬೆಳೆಸುವ ಆಟವೊಂದನ್ನು ಆಡಿಸುತ್ತೇನೆ ಎಂದ. ಒಬ್ಬರು ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬೀಳಬೇಕು, ಹಿಂದೆ ನಿಂತವರು ಹಿಡಿದುಕೊಳ್ಳಬೇಕು. ಮೊದಲು ದೊಡ್ಡಮ್ಮನನ್ನೇ ಕರೆದ.

"ಬೀಳಾದ್ಯಾಕೆ ಸ್ವಾಮಿ? ಮೈ ಉಸಾರಿಲ್ವಾ?"

"ಹಾಗಲ್ಲ ಅಮ್ಮ, ನಂಬಿಕೆ ಬರಲಿ ಅಂತ."

"ಇವ್ಳು ಇಡ್ಕೊಂಡ್ಳು ಅಂತ್ಲೇ ಇಟ್ಕೊ. ನನ್ನ ಸೊಂಟ ಉಳುಕ್ತು. ನಾಳೀಕೆ ರಾಗಿ ಉರಿಯಕ್ಕೆ ನೀನ್ ಬತ್ತೀಯಾ?"

ಹಾಗಾದರೆ ನಾನೇ ಬಿದ್ದು ತೋರಿಸುತ್ತೇನೆ ಎಂದು ಅವನು ಕಣ್ಣು ಮುಚ್ಚಿ, ಕೈ ಚಾಚಿ ಹಿಂದಕ್ಕೆ ವಾಲಿದ. ಹಿಂದೆ ನಿಂತಿದ್ದ ಐದು ಜನ ಹೆಂಗಸರು, ಪರಗಂಡಸನ್ನು ಹಿಡಿಯುವುದು ಹೇಗೆ ಎಂದು ಒಟ್ಟಿಗೇ ಎರಡು ಹೆಜ್ಜೆ ಹಿಂದೆ ಸರಿದು ಬಾಯಿಗೆ ಸೆರಗು ಹಿಡಿದರು. ಪುಣ್ಯಕ್ಕೆ ಅಲ್ಲಿ ರಾಗಿ ಮೂಟೆಗಳಿದ್ದವು. ದೊಡ್ಡಮ್ಮ ಅವನನ್ನು ಎಬ್ಬಿಸಿ, ಮೈಮೇಲಿನ ಧೂಳು ಕೊಡವಿ, ಒಂದು ಲೋಟ ಮಜ್ಜಿಗೆ ಕೊಟ್ಟು, "ಇನ್ಮ್ಯಾಕೆ ಯಾರ್ ಮುಂದೂ ಇಂಗ್ ಬೀಳ್ಬ್ಯಾಡ ಮಗ" ಎಂದು ಬುದ್ಧಿ ಹೇಳಿ ಕಳಿಸಿದರು. ಆತ ಮತ್ತೆ ಬರಲಿಲ್ಲ.

ನಾನೂ ಸುಲಭಕ್ಕೆ ಸೋಲುವವಳಲ್ಲ. ಹೆಸರು ಬರೆಯದೆ ದೂರು, ಸಲಹೆ ಹಾಕಲಿ ಎಂದು ಬೀಗದ ಪೆಟ್ಟಿಗೆಯೊಂದನ್ನು ತೂಗುಹಾಕಿದೆ. ತಿಂಗಳ ಕೊನೆಗೆ ತೆಗೆದು ನೋಡಿದರೆ ಮೂರು ಬಸ್ ಟಿಕೆಟ್ಟು, ಒಂದು ಖಾಲಿ ಟಿಕ್ಲಿ ಪ್ಯಾಕೆಟ್ಟು. ದೂರುಗಳೇ ಇರಲಿಲ್ಲವೆಂದಲ್ಲ, ಎಲ್ಲವನ್ನೂ ದೊಡ್ಡಮ್ಮ ದಿನಾ ಬೆಳಿಗ್ಗೆ ನನ್ನ ಮುಂದೆಯೇ ನಿಂತು ಹೆಸರು ಸಮೇತ ಹೇಳಿ ಮುಗಿಸುತ್ತಿದ್ದರು. ನೋಡಿ ಕಲಿತ ಮಿಕ್ಕವರಿಗೂ ಅದೇ ರೂಢಿಯಾಯಿತು. ತಿಂಗಳ ಉತ್ತಮ ನೌಕರರೆಂದು ಅವರ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೆ. ಮಾರನೆಯ ದಿನ ಅದು ನನ್ನ ಮೇಜಿನ ಮೇಲಿತ್ತು. "ಆರ ಒಂದ್ ಕಮ್ಮಿ ಕಣಮ್ಮಿ ಅದ್ಕೆ. ಬದ್ಕಿರೋರ್ನ ಯಾಕ್ ಗ್ವಾಡೆಗೆ ಏರುಸ್ತೀಯಾ? ಇವ್ರೈದ್ ಜನ ಏನ್ ಕತ್ತೆ ಕಾಯಕ್ ಬಂದವ್ರಾ?" ಎಂದರು.

ಮಧ್ಯಾಹ್ನ ನಾನು ಆಫೀಸಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಡಬ್ಬಿ ತೆಗೆಯುತ್ತಿದ್ದೆ. ಕಾರ್ಖಾನೆಯ ಅಭ್ಯಾಸ. ಒಂದು ದಿನ ದೊಡ್ಡಮ್ಮ ಬಾಗಿಲು ತಳ್ಳಿ, "ಒಳ್ಗೆ ಕುಂತ್ಕೊಂಡು ತಿನ್ನಕ್ಕೆ ಏನ್ ಕದ್ಕೊಂಡ್ ಬಂದಿದ್ದೀಯಾ?" ಎಂದರು. ಅಂದಿನಿಂದ ನನ್ನ ಚಪಾತಿಯೂ ಹೊರಗೆ ಬಂತು. ಎಲ್ಲರೂ ಸಾಲಾಗಿ ಕೂತು, ಅವರ ಮುದ್ದೆ ಮುರಿದು ನನಗೆ, ನನ್ನ ಪಲ್ಯ ಅವರಿಗೆ. ಯಾವ ಯಂತ್ರ ಸದ್ದು ಮಾಡುತ್ತಿದೆ, ಯಾರ ಗಂಡ ಮತ್ತೆ ಕುಡಿಯಲು ಶುರುಮಾಡಿದ್ದಾನೆ, ಯಾವ ಮೂಟೆ ರಾಗಿಯಲ್ಲಿ ಕಲ್ಲು ಜಾಸ್ತಿ, ಎಲ್ಲ ನನಗೆ ಗೊತ್ತಾಗುತ್ತಿದ್ದುದು ಆ ಸಾಲಿನಲ್ಲಿ. ಟೈ ತರುಣ ಇದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳಿದ್ದ, ಈಗ ಮರೆತಿದೆ.

ಇಷ್ಟರಲ್ಲಿ ಆಷಾಢ ಕಳೆಯುತ್ತ ಬಂತು. ನಾಲೆಗೆ ನೀರು ಬಿಟ್ಟರು. ನೀರು ಬಿಟ್ಟರೆಂದರೆ ನಾಟಿ. ಒಂದು ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಬಂದರೆ ಆರು ಜನರಲ್ಲಿ ಇಬ್ಬರೇ ಇದ್ದಾರೆ. ಮಂಗಳವಾರ ಒಬ್ಬರು. ಅದೇ ವಾರ ಮೈಸೂರಿನ ದೊಡ್ಡ ಅಂಗಡಿಯೊಂದರಿಂದ ನಮಗೆ ಮೊದಲ ದೊಡ್ಡ ಆರ್ಡರು ಬಂದಿತ್ತು. ಇದು ತಪ್ಪಿದರೆ ಎರಡನೆಯದು ಬರುವುದಿಲ್ಲ, ಎರಡನೆಯದು ಬರದಿದ್ದರೆ ಶೆಡ್ಡಿಗೆ ಬೀಗ. ಮನೆಯಲ್ಲಿ ಗಂಡನ ಕಡೆಯವರು ಮೊದಲೇ 'ಇರುವ ಕೆಲಸ ಬಿಟ್ಟು ಹಿಟ್ಟು ಮಾರಲು ಹೊರಟಳು' ಎಂದು ಆಡಿಕೊಳ್ಳುತ್ತಿದ್ದರು. ನಾನು ನೋಟೀಸು ಬರೆದೆ: ಮುಂಚಿತವಾಗಿ ಅರ್ಜಿ ಕೊಡದೆ ರಜೆ ಹಾಕುವಂತಿಲ್ಲ. ಬೋರ್ಡಿನ ಕೆಳಗೆ ಅಂಟಿಸಿದೆ. ಓದಬೇಕಾದವರು ಅಲ್ಲಿ ಯಾರೂ ಇರಲಿಲ್ಲ.

ಬುಧವಾರ ದೊಡ್ಡಮ್ಮ ಬಂದರು. ನೋಟೀಸನ್ನು ನನ್ನಿಂದಲೇ ಓದಿಸಿಕೊಂಡರು.

"ಅರ್ಜಿನ ನಾಲೆಗ್ ಕೊಡ್ಬೇಕಮ್ಮಿ. ನೀರು ಬಂದಾಗ ನೆಡ್ಬೇಕು. ಕೇಳಿಲ್ಲಿ, ನೀನು ಮುಯ್ಯಾಳು ಅಂತ ಕೇಳಿದ್ದೀಯಾ?"

ಕೇಳಿದ್ದೆ, ಅಷ್ಟೇ. ಅವರು ಬಿಡಿಸಿ ಹೇಳಿದರು. ಇಂದು ನೀನು ನನ್ನ ಗದ್ದೆಗೆ ಬಂದು ನೆಟ್ಟರೆ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಅದರಲ್ಲಿ ಕೂಲಿಯಿಲ್ಲ, ಆಳಿಗೆ ಆಳು. ಯಾರ ಗದ್ದೆಯೋ ಅವರ ಮನೆಯ ಊಟ. ಈಗ ಆಗಿರುವುದೇನೆಂದರೆ ಈ ಆರು ಜನ ಆರು ಊರಿನವರು. ಗದ್ದೆಯಿರುವ ಒಬ್ಬೊಬ್ಬರೂ ತಮ್ಮ ತಮ್ಮ ಊರಿನಲ್ಲಿ ಹತ್ತು ಮನೆಗೆ ಮುಯ್ಯಾಳು ಹೋಗಿ ಹತ್ತು ದಿನ ಕಳೆಯುತ್ತಾರೆ. ಬದಲಿಗೆ ಈ ಆರು ಜನವೇ ಒಂದು ಮುಯ್ಯಿ ಮಾಡಿಕೊಂಡರೆ ಒಬ್ಬೊಬ್ಬರ ಗದ್ದೆ ಒಂದೊಂದು ದಿನಕ್ಕೆ ಮುಗಿಯುತ್ತದೆ.

"ನಡ್ನಡುವೆ ನಿನ್ನ ಕೆಲ್ಸ. ಬಾನ್ವಾರಾನೂ ಬತ್ತೀವಿ. ನಿನ್ನ ಇಟ್ಟು ಓಗತಂಕ ನಾವ್ ಬುಡಲ್ಲ."

"ಆಗಲಿ ದೊಡ್ಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗ್ ಬ್ಯಾಡ, ಗದ್ದೆಗ್ ಬಾ. ನಾವು ನಿನ್ನ ಸೆಡ್ಗೆ ಬಾನ್ವಾರ ಬಂದ್ರೆ ನೀನು ನಮ್ಮ ಗದ್ದೆಗ್ ಬರ್ಬೇಕಲ್ವಾ? ನೀನೂ ಒಬ್ಳಾಳು."

ನಾನು ನಕ್ಕು ಹೂಂ ಎಂದೆ. ಮದ್ದೂರಿನ ಮುಸ್ಲಿಂ ಹೆಣ್ಣುಮಗಳೊಬ್ಬಳು ಪ್ಯಾಕೆಟ್ ಅಂಟಿಸುವ ಯಂತ್ರದಲ್ಲಿದ್ದಳು, ಅವಳಿಗೆ ಗದ್ದೆಯಿಲ್ಲ. "ನಂದೇನು ಲೆಕ್ಕ ದೊಡ್ಡಮ್ಮ?" ಎಂದು ಕೇಳಿದಳು. "ಗದ್ದೆ ಇಲ್ದೋರ್ಗೆ ಮದ್ವೆ ಇಲ್ವೇನೆ? ನಿನ್ ಮಗ್ಳು ಮದ್ವೆಗೆ ಆರಾಳು ಬತ್ತೀವಿ, ಬುಡು" ಎಂದರು. ಮುಂದೆ ಆ ಮದುವೆಗೆ ನಾವೆಲ್ಲ ಹೋಗಿ ಬಿರಿಯಾನಿಗೆ ಈರುಳ್ಳಿ ಹೆಚ್ಚಿ ಹೆಚ್ಚಿ, ಬೀಳ್ಕೊಡುವ ಹೊತ್ತಿಗಿಂತ ಮೊದಲೇ ಅತ್ತು ಮುಗಿಸಿದ್ದೆವು.

ಆ ಹನ್ನೆರಡು ದಿನ ಕಂಡಂಥ ಕೆಲಸವನ್ನು ನಾನು ಬಿಸ್ಕತ್ತು ಕಾರ್ಖಾನೆಯ ಹನ್ನೆರಡು ವರ್ಷದಲ್ಲಿ ಕಂಡಿರಲಿಲ್ಲ. ಗದ್ದೆಯ ದಿನ ಗದ್ದೆ, ಶೆಡ್ಡಿನ ದಿನ ಶೆಡ್ಡು. ಕಾಲಿನ ಉಗುರಿನಲ್ಲಿ ಕೆಸರು, ಕೈಗೆ ಗ್ಲೌಸು. ಆರ್ಡರು ಹೇಳಿದ ದಿನಕ್ಕೆ ಹೋಯಿತು. ಮಿಕ್ಕ ಗದ್ದೆಗಳಿಗೆಲ್ಲ ಅವರವರೇ ಹೋದರು; ನನ್ನನ್ನು ಕರೆದಿದ್ದು ಒಂದೇ ಗದ್ದೆಗೆ, ಎಲ್ಲಕ್ಕಿಂತ ಕೊನೆಯದಕ್ಕೆ, ದೊಡ್ಡಮ್ಮನದಕ್ಕೆ.

ನಾನು ತಪ್ಪು ಮಾಡಿದ್ದು ಅಲ್ಲಿ. ಆ ದಿನವೇ ಶೆಡ್ಡು ನೋಡಲು ಬರುತ್ತೇವೆಂದು ಮೈಸೂರಿನ ಅಂಗಡಿಯವರು ಹಿಂದಿನ ದಿನ ಫೋನ್ ಮಾಡಿದರು. ದೊಡ್ಡಮ್ಮನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ನಾಟಿಯನ್ನು ಒಂದು ದಿನ ಆಚೆ ಈಚೆ ಮಾಡುತ್ತಿದ್ದರು. ನಾನು ಬುದ್ಧಿವಂತಿಕೆ ಮಾಡಿದೆ. ನಾನೊಬ್ಬಳು ಬಂದರೆ ಎಷ್ಟು ನೆಟ್ಟೇನು, ಕೆಲಸ ಬಲ್ಲವರು ಇಬ್ಬರು ಹೋದರೆ ಅವರಿಗೇ ಲಾಭ ಎಂದು ಮಂಡ್ಯದಿಂದ ಇಬ್ಬರು ಕೂಲಿ ಹೆಂಗಸರನ್ನು ಗೊತ್ತುಮಾಡಿ, ಆಟೋದಲ್ಲಿ ಕೂರಿಸಿ, ಎಲ್ಲರಿಗೂ ಆಗುವಷ್ಟು ಇಡ್ಲಿ ಕಟ್ಟಿಸಿ ಕಳಿಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಹತ್ತು ಗಂಟೆಗೆ ಆಟೋ ವಾಪಸು ಬಂತು. ಇಡ್ಲಿ ಹಾಗೇ ಇತ್ತು.

"ಆಯಮ್ಮ ನಮ್ಮುನ್ನ ಗದ್ದೆಗ್ ಇಳಿಯಕ್ಕೇ ಬುಡ್ಲಿಲ್ಲ ಮೇಡಂ" ಎಂದರು ಇಬ್ಬರೂ.

ಮಾರನೆಯ ದಿನ ಶೆಡ್ಡಿಗೆ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಫೋನು ಮಾಡಿದರೆ ಒಬ್ಬರೂ ಎತ್ತಲಿಲ್ಲ. ಮೈಸೂರಿನವರು ಶೆಡ್ಡು ನೋಡಿ ಮೆಚ್ಚಿ ಎರಡನೆಯ ಆರ್ಡರು ಕೊಟ್ಟು ಹೋಗಿದ್ದರು. ನಾನು ಮೂರು ಯಂತ್ರಗಳ ನಡುವೆ ಒಬ್ಬಳೇ ಕೂತು, ಚಿನ್ನದ ಅಕ್ಷರದ ಐದು ಸಾಲುಗಳನ್ನು ಮೊದಲ ಸಲ ಪೂರ್ತಿಯಾಗಿ ಓದಿದೆ. ಐದನೆಯದು 'ಪರಸ್ಪರ ಗೌರವ' ಎಂದಿತ್ತು. ನಗು ಬಂತು, ಅಳುವೂ ಬಂತು. ಹಳೆಯ ಸೀರೆಯೊಂದನ್ನು ಉಟ್ಟು ಕೆರಗೋಡಿನ ಬಸ್ಸು ಹಿಡಿದೆ.

ಅವರ ಗದ್ದೆ ಹುಡುಕುವುದು ಕಷ್ಟವಾಗಲಿಲ್ಲ. ಪೂರಾ ನೆಟ್ಟು ಮುಗಿದ ಗದ್ದೆ, ಎಳೆ ಹಸಿರು. ಆದರೆ ಬದುವಿನ ಪಕ್ಕ ಉದ್ದಕ್ಕೂ ಒಂದು ಪಟ್ಟಿಯಷ್ಟು ಜಾಗ ಖಾಲಿ ಕೆಸರು, ಅದರ ತುದಿಯಲ್ಲಿ ನೀರಿಗೆ ಇಟ್ಟ ಪೈರಿನ ಆರೇಳು ಕಟ್ಟು. ದೊಡ್ಡಮ್ಮ ಬದುವಿನ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು.

"ಬನ್ನಿ ಮೇಡಮ್ಮೋರೆ" ಎಂದರು.

ಅಷ್ಟು ದಿನದಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಕರೆದಿದ್ದು ಅದೇ ಮೊದಲು. ಬೈದಿದ್ದರೆ ಚೆನ್ನಾಗಿತ್ತು.

"ಆ ಜಾಗ ಯಾಕೆ ಬಿಟ್ಟಿದ್ದೀರಿ ದೊಡ್ಡಮ್ಮ?"

"ಅದು ನಿಮ್ದು."

ನಾನು ಸಮಜಾಯಿಷಿ ಹೇಳಲು ಶುರು ಮಾಡಿದೆ. ಅಂಗಡಿಯವರು, ಆರ್ಡರು, ಇಬ್ಬರನ್ನು ಕಳಿಸಿದ್ದು. ಅವರು ಕೊನೆಯವರೆಗೂ ಕೇಳಿಸಿಕೊಂಡು, "ಕೂಲಿಯೋರು ನಮ್ಗೆ ಸಿಕ್ಕಲ್ವಾ ಮೇಡಮ್ಮೋರೆ? ನಾವು ಆಳ್ ಕಳ್ಸು ಅಂದ್ವಾ? ನೀನ್ ಬಾ ಅಂದ್ವಿ" ಎಂದರು. ಅಷ್ಟು ಗಟ್ಟಿ ಹೆಂಗಸನ್ನು ನಾನು ನೋಯಿಸಿದ್ದೆ ಎಂದು ಆಗ ತಿಳಿಯಿತು. ಐದು ಜನರ ಮುಂದೆ 'ನಮ್ಮ ಮೇಡಮ್ಮ ಬತ್ತಾಳೆ' ಎಂದು ಹೇಳಿ, ನನಗೆಂದು ಬೇರೆ ಪಲ್ಯ ಮಾಡಿಸಿ, ದಾರಿ ಕಾಯುತ್ತ ನಿಂತಿದ್ದಾಗ ಆಟೋದಿಂದ ಇಳಿದವರು ಗುರುತಿಲ್ಲದ ಇಬ್ಬರು.

ನಾನು ಸೀರೆ ಎತ್ತಿ ಕಟ್ಟಿ ಇಳಿದೆ. ಮೊದಲ ಹೆಜ್ಜೆಗೇ ಮೊಣಕಾಲವರೆಗೆ ಹೂತು, ಎರಡನೆಯದಕ್ಕೆ ಕೂತೇಬಿಟ್ಟೆ. ಬದುವಿನಿಂದ ಸದ್ದಿಲ್ಲ. ನೆಟ್ಟ ಪೈರು ನೆಟ್ಟಂತೆಯೇ ತೇಲಿಕೊಂಡು ಎದ್ದು ಬರುತ್ತಿತ್ತು. ಅರ್ಧ ಗಂಟೆ ಹೀಗೇ ನಡೆಯಿತು. ಒಂದು ಏಡಿ ನನ್ನ ಪಾದದ ಮೇಲೆ ಹತ್ತಿಳಿದಾಗ ಕಿರುಚಿದೆ.

ಆಗ ಬಂತು ನೋಡಿ, ಬದುವಿನಿಂದ. "ಲೇ ಅಮ್ಮಿ! ಏಡಿ ಏನ್ ನಿನ್ನ ನುಂಗ್ತದಾ? ಬೆಳ್ಳು ಮುಂದ್ ಮಾಡಿ ಪೈರ್ನ ಒತ್ತು. ದೇವ್ರಿಗ್ ಊ ಇಟ್ಟಂಗ್ ಇಡ್ತಾವ್ಳೆ! ಸೊಂಟ ಬಗ್ಸು, ಸೊಂಟ!"

ಆ ಬೈಗುಳ ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಮಧ್ಯಾಹ್ನದವರೆಗೂ ಬೈಸಿಕೊಂಡು ನೆಟ್ಟೆ. ಅವರೇ ಕೊನೆಗೆ ತಡೆಯಲಾರದೆ ಇಳಿದು, ನಾನು ನೆಟ್ಟಿದ್ದರಲ್ಲಿ ಅರ್ಧ ಕಿತ್ತು ಮತ್ತೆ ನೆಟ್ಟರು.

"ಸೊಂಟ ನೋಯ್ತದಾ?"

"ತುಂಬಾ."

"ನೋಯ್ಲಿ. ನಮ್ಗೂ ಅಂಗೇ ನೋಯ್ತದೆ. ನಡಿ, ಉಪ್ಸಾರು ಮಾಡಿವ್ನಿ, ಉಣ್ಣೀವಂತೆ."

ಮರುದಿನ ಮೊದಲ ಬಸ್ಸಿಗೆ ಆರು ಜನರೂ ಬಂದರು. ನಾನು ನಡೆಯುವ ರೀತಿ ನೋಡಿ ನಕ್ಕರು, ಅಷ್ಟೇ.

ಆಮೇಲೆ ಜನ ಹೆಚ್ಚಾದರು, ಈಗ ಹತ್ತೊಂಬತ್ತು. ನಾಟಿ, ಕುಯ್ಲು, ಮದುವೆ, ಬಾಣಂತನ, ಎಲ್ಲಕ್ಕೂ ಮುಯ್ಯಿ. ಒಬ್ಬಳಿಗೆ ಜ್ವರ ಬಂದರೆ ಅವಳ ಯಂತ್ರದ ಮುಂದೆ ಇನ್ನೊಬ್ಬಳು ಕೂತಿರುತ್ತಾಳೆ. ಯಾರು ಯಾರಿಗೆ ಬಂದರೆಂಬುದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ನನ್ನ ಅಪ್ಪ ಮಳವಳ್ಳಿಯ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದ್ದಾಗ ನಾನು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಒಂದು ಪ್ಯಾಕೆಟ್ಟೂ ಕಡಿಮೆಯಾಗಿರಲಿಲ್ಲ. ಮಂಡ್ಯದ ಉದ್ಯಮಿಗಳ ಸಭೆಯೊಂದರಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬರು, "ಇದರ ನಿಯಮಾವಳಿ ಇದ್ದರೆ ಒಂದು ಪ್ರತಿ ಕೊಡಿ ಮೇಡಂ" ಎಂದರು. ಅವರಿಗೆ ಏನು ಕೊಡುವುದೆಂದು ತಿಳಿಯದೆ ಹುರಿಹಿಟ್ಟಿನ ಪ್ಯಾಕೆಟ್ಟು ಕೊಟ್ಟೆ.

ಎರಡು ವರ್ಷವಾದ ಮೇಲೆ ದೊಡ್ಡಮ್ಮನ ಮಂಡಿ ಕೈಕೊಟ್ಟಿತು, ಬಸ್ಸು ಹತ್ತುವುದಾಗದು ಎಂದರು. ಶಾಲು ಹೊದಿಸಿ ಸನ್ಮಾನ ಮಾಡೋಣವೆಂದರೆ, "ನಾನೇನ್ ಎಮ್ಮೆಲ್ಲೆನಾ? ಅದ್ರ ಬದ್ಲು ಕಕ್ಕಸಿಗೊಂದು ಲೈಟ್ ಆಕ್ಸು" ಎಂದು ಹೇಳಿ ಮನೆಗೆ ಹೋದರು. ಲೈಟು ಹಾಕಿಸಿದೆ.

ಹೋದ ತಿಂಗಳು, ಮತ್ತೆ ನಾಟಿಯ ಕಾಲ. ಒಂದು ಮುಸ್ಸಂಜೆ ಅವರ ಸೊಸೆಯ ಫೋನು. ಗದ್ದೆಯಿಂದ ಬಂದು ಕೈಕಾಲು ತೊಳೆದು, ನೀರು ಕೇಳಿ, ಕುಡಿಯುವಷ್ಟರಲ್ಲಿ ಹೋಗಿಬಿಟ್ಟರಂತೆ. ಮಾರನೆಯ ದಿನ ನಾನು, ಹಳೆಯ ಐದು ಜನ ಹೋಗಿ ಮಣ್ಣು ಹಾಕಿ ಬಂದೆವು. ಬರುವಾಗ ಗದ್ದೆ ಕಣ್ಣಿಗೆ ಬಿತ್ತು. ಉತ್ತು, ಕೆಸರು ಮಾಡಿ, ಪೈರು ಕಿತ್ತು ಕಟ್ಟಿಟ್ಟಿದ್ದರು. ಅಂದು ನಾಟಿ ಆಗಬೇಕಿತ್ತು. ಸೂತಕದ ಮನೆಯವರು ಹನ್ನೊಂದು ದಿನ ಗದ್ದೆಗೆ ಇಳಿಯುವಂತಿಲ್ಲ. ಅವರ ನೀರಿನ ಸರದಿ ಇನ್ನೆರಡು ದಿನಕ್ಕೆ ಮುಗಿಯುತ್ತದೆ, ಕಿತ್ತ ಪೈರು ಅಷ್ಟು ದಿನ ಉಳಿಯುವುದಿಲ್ಲ. ಮಗ ಅದನ್ನು ನೋಡಿಯೂ ನೋಡದವನಂತೆ ತಲೆ ತಗ್ಗಿಸಿ ನಡೆದ.

ಶೆಡ್ಡಿಗೆ ಒಂದು ದಿನ ರಜೆಯೆಂದು ಮೊಬೈಲಿನಲ್ಲಿ ಎಲ್ಲರಿಗೂ ತಿಳಿಸಿದೆ. ನಾವು ಆರು ಜನ ಹೋಗಿ ಆದಷ್ಟು ನೆಡುವುದೆಂದು ಮಾತಾಗಿತ್ತು, ಬೇರೆ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಮಂಡ್ಯದ ಬಸ್ ನಿಲ್ದಾಣದಲ್ಲಿ ಇಳಿದರೆ, ಕೆರಗೋಡಿನ ಬಸ್ಸಿನ ಮುಂದೆ ಹತ್ತೊಂಬತ್ತು ಜನರೂ ಹಳೆಯ ಸೀರೆಯಲ್ಲಿ, ಬುತ್ತಿ ಹಿಡಿದು ನಿಂತಿದ್ದಾರೆ. ಸೂತಕದ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂದು ಎಲ್ಲರಿಗೂ ಹೊಳೆದಿದೆ. ಸೇರಿ ಮೂರೇ ತಿಂಗಳಾದ ಒಬ್ಬ ಹುಡುಗಿ ಎಲ್ಲರಿಗಿಂತ ಮುಂದೆ ಇದ್ದಳು.

"ನೀನ್ಯಾಕಮ್ಮ ಬಂದೆ? ನೀನು ಅವರನ್ನ ನೋಡಿಯೂ ಇಲ್ಲವಲ್ಲ?"

"ನೋಡಿಲ್ಲ ಮೇಡಂ. ನಂಗೆ ಡೆಂಗ್ಯೂ ಆದಾಗ ನನ್ ಮೆಸಿನ್ನು ಒಂದಿನಾನೂ ನಿಂತಿರ್ಲಿಲ್ವಲ್ಲ" ಎಂದು ಬಸ್ಸು ಹತ್ತಿ ನನಗೆ ಸೀಟು ಹಿಡಿದಳು.

ಇಪ್ಪತ್ತು ಆಳಿಗೆ ಅರ್ಧ ಎಕರೆ ಎಷ್ಟು ಹೊತ್ತಿನ ಕೆಲಸ? ಹನ್ನೊಂದು ಗಂಟೆಗೆಲ್ಲ ಮುಗಿಯುತ್ತ ಬಂದಿತ್ತು. ನನಗೂ ಈಗ ಪೈರು ತೇಲುವುದಿಲ್ಲ. ಆಗ ಬದುವಿನ ಮೇಲೆ ದೊಡ್ಡಮ್ಮನ ಮಗ ಬಂದು ನಿಂತ. ಕಣ್ಣು ಕೆಂಪು, ಮೈಮೇಲೆ ಒಂದು ಪಂಚೆ. ಗದ್ದೆಯನ್ನೂ ನಮ್ಮನ್ನೂ ನೋಡಿ ಎರಡೂ ಕೈ ಜೋಡಿಸಿದ.

"ದೊಡ್ಡ ಉಪ್ಕಾರ ಆಯ್ತು ಮೇಡಮ್ಮೋರೆ. ಇದ್ನ ಎಂಗ್ ತೀರ್ಸಾದು ನಾವು?"

ನನ್ನ ಪಕ್ಕದಲ್ಲಿ ಬಗ್ಗಿದ್ದ ಆ ಹೊಸ ಹುಡುಗಿ ಬಗ್ಗಿದಂತೆಯೇ ಹೇಳಿದಳು:

"ಉಪ್ಕಾರ ಏನ್ ಬಂತಣ್ಣಾ? ಹನ್ನೊಂದ್ ದಿನ ಕಳೀಲಿ, ಆಮೇಕೆ ನಮ್ಮ ಗದ್ದೆ ನಾಟಿ ಅದೆ. ಅಕ್ಕನ್ನೂ ಕರ್ಕೊಂಡು ನೀವೇ ಬರ್ಬೇಕು. ಕೂಲಿಯೋರ್ನ ಕಳ್ಸೀರಾ ಮತ್ತೆ!"

ಸಾವಿನ ಮನೆಯ ಗದ್ದೆ ಎಂಬುದನ್ನು ಮರೆತು ಹತ್ತೊಂಬತ್ತು ಜನ ಗೊಳ್ಳೆಂದು ನಕ್ಕರು. ಆತನೂ ನಕ್ಕ. "ಬತ್ತೀವಿ ಕಣವ್ವ, ಬತ್ತೀವಿ" ಎಂದ. ಅನ್ನುತ್ತ ಅನ್ನುತ್ತಲೇ ಬದುವಿನ ಮೇಲೆ ಕುಕ್ಕರಿಸಿ, ಎರಡು ದಿನದಿಂದ ಗಂಡಸೆಂದು ತಡೆದುಕೊಂಡಿದ್ದವನು ಗಟ್ಟಿಯಾಗಿ ಅಳತೊಡಗಿದ. ನಾವು ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ಇನ್ನೆರಡು ಸಾಲು ಉಳಿದಿದ್ದವು, ಅಳುತ್ತಲೇ ಬಗ್ಗಿ ನೆಟ್ಟೆವು.